ಅಲೆಯ ಕೊಳದಲ್ಲಿ ಮುಂದಿನ ಬೇಸಿಗೆ

ಹತ್ತಿ ಬಟ್ಟೆ ತೊಟ್ಟವರು ನೀರಿಗೆ ಇಳಿಯತಕ್ಕದ್ದಲ್ಲ ಎಂಬುದು ಬಹಳ ಗಂಭೀರವಾದ ವಿಧಿ. ಇದನ್ನು ಕಲ್ಲಿನಲ್ಲಿ ಕೆತ್ತಿಸದೆ ಫ್ಲೆಕ್ಸಿನಲ್ಲಿ ಅಚ್ಚು ಹಾಕಿಸಿ, ಊರಾಚೆಯ ಮೋಜಿನ ಪಾರ್ಕಿನ ಕೊಳದ ಪಕ್ಕ ಕಟ್ಟಿದ್ದಾರೆ ಎಂಬುದೊಂದೇ ಕೊರತೆ. ನೈಲಾನ್ ತೊಟ್ಟವರಿಗೆ ಅಲೆ, ಮಿಕ್ಕವರಿಗೆ ಮೆಟ್ಟಿಲು. ಹೋದ ವರ್ಷ ದಸರಾ ರಜದಲ್ಲಿ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿನವರು ತಮ್ಮ ಹೆಂಗಸರನ್ನೂ ಮಕ್ಕಳನ್ನೂ ಬಸ್ಸುಗಳಲ್ಲಿ ತುಂಬಿಕೊಂಡು ಅಲ್ಲಿಗೆ ಹೋದಾಗ, ಟೈಲರ್ ಲತಾಮಣಿಯ ಮಗಳು ಮೈತ್ರಿ ಹೂವಿನ ಫ್ರಾಕು ತೊಟ್ಟು ನಾಲ್ಕು ಗಂಟೆ ಮೆಟ್ಟಿಲ ಮೇಲೆ ಕೂತಿದ್ದಳು. ಬಾಡಿಗೆ ಬಟ್ಟೆಯಲ್ಲಿ ಏಳು ವರ್ಷದವರ ಅಳತೆ ಮುಗಿದುಹೋಗಿತ್ತು. ಹುಡುಗಿ ಅಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, "ಸಮುದ್ರಕ್ಕೂ ನೈಲಾನೇ ಬೇಕಾಮ್ಮ?" ಎಂದು ಕೇಳಿದಳು, ಅಷ್ಟೆ.

ಆ ಕಾರ್ಖಾನೆಯಲ್ಲಿ ಹೊಲಿಯುವುದೇ ಈಜುಡುಗೆ. ಸಮುದ್ರ ಕಾಣದ ಮುನ್ನೂರು ಹೆಂಗಸರು, ಸಮುದ್ರದ ದಂಡೆಯಲ್ಲಿ ಮಲಗುವ ಬಿಡುವಿರುವವರಿಗಾಗಿ ಬೆಳಗಿನಿಂದ ಸಂಜೆಯವರೆಗೆ ಹೊಲಿಯುತ್ತಾರೆ. ಲತಾಮಣಿ ಒಂಬತ್ತು ವರ್ಷದಿಂದ ಈಜುಡುಗೆಯ ಎಡಗಾಲಿನ ಅಂಚಿಗೆ ಎಲಾಸ್ಟಿಕ್ ಕೂರಿಸುತ್ತಿದ್ದಳು. ಬಲಗಾಲು ಪಕ್ಕದ ಮಷೀನಿನ ಜಯಶೀಲಾಳದು. ಪೂರ್ತಿ ಬಟ್ಟೆಯೊಂದನ್ನು ಇಬ್ಬರೂ ಹೊಲಿದವರಲ್ಲ.

ಈ ವರ್ಷ ಮತ್ತೆ ದಸರಾ ಬಂತು. ಹೆಂಗಸರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ ಶಾಂತವೀರಪ್ಪ, ಈ ಸಲದ ಪ್ರವಾಸಕ್ಕೆ 'ಬೀಚ್ ಸಂಭ್ರಮ' ಎಂದು ಹೆಸರಿಟ್ಟು ನೋಟೀಸು ಅಂಟಿಸಿದ. ಮಕ್ಕಳಿಗೆ ಉಡುಪಿನ ಸ್ಪರ್ಧೆ, ಬಹುಮಾನ, ಫೋಟೋ. ಫೋಟೋಗಳು ಮಾಲು ಕೊಳ್ಳುವ ವಿದೇಶಿ ಕಂಪನಿಗೆ ಹೋಗಬೇಕು. ಬಟ್ಟೆ ಹೊಲಿದವರ ಮಕ್ಕಳು ನಗುತ್ತಿರುವುದನ್ನು ಕಂಡರೆ ಅವರಿಗೆ ಸಮಾಧಾನ.

ಲತಾಮಣಿ ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಮಗಳ ಅಳತೆಯ ಈಜುಡುಗೆ ಕೇಳಿದಳು. ಅಂಗಡಿಯವಳು ಕೊಟ್ಟದ್ದನ್ನು ಒಳಮೈ ತಿರುಗಿಸಿ ನೋಡಿ, "ಇದೇನು ಹೊಲಿಗೆನಾ? ಎರಡು ಸಲ ನೀರಿಗೆ ಬಿದ್ರೆ ಬಾಯಿ ಬಿಡುತ್ತೆ," ಎಂದಳು.

"ಇಷ್ಟ ಇಲ್ದಿದ್ರೆ ಬಿಡಿ ಆಂಟಿ, ನೀವೇ ಹೊಲ್ಕೊಳ್ಳಿ," ಎಂದಳು ಅಂಗಡಿಯವಳು.

ಆ ಮಾತನ್ನು ಲತಾಮಣಿ ಹಾಗೇ ಪಾಲಿಸಿದಳು. ಬಣ್ಣ ಹೊಂದದೆ ತೆಗೆದುಹಾಕಿದ ತುಂಡುಗಳು ಕಾರ್ಖಾನೆಯ ಮೂಲೆಯ ಚೀಲದಲ್ಲಿ ಬಿದ್ದಿದ್ದವು. ನೀಲಿ ಬಟ್ಟೆ, ಮೇಲೆ ಕಿತ್ತಳೆ ಬಣ್ಣದ ಏಡಿಗಳು. ಒಂದು ದಾರ ಹೊರಗೆ ಹೋದರೂ ಕೆಲಸದಿಂದ ವಜಾ ಎಂದು ಗೇಟಿನಲ್ಲಿ ಬರೆದಿತ್ತು. ಬೆನ್ನಿಗೆ ಏಟಾಗಿ ಗಂಡ ದೇವರಾಜ್ ಆಟೋ ಬಿಟ್ಟು ಎರಡು ವರ್ಷವಾಗಿತ್ತು. ಮಡಿವಾಳದ ಒಂದು ರೂಮಿನ ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ. ಇದೆಲ್ಲ ತಿಳಿದೇ ಅವಳು ಮೂರು ದಿನ ಮೂರು ತುಂಡುಗಳನ್ನು ಊಟದ ಡಬ್ಬಿಯ ಕೆಳಗಿನ ಖಾನೆಯಲ್ಲಿಟ್ಟು ಹೊರಗೆ ತಂದಳು. ಎರಡು ಕಾಲು, ಎರಡು ಭುಜ, ಕತ್ತು ಎಲ್ಲವನ್ನೂ ಒಬ್ಬಳೇ ಹೊಲಿದಳು.

ಪಾರ್ಕಿನಲ್ಲಿ ಮೈತ್ರಿ ಎಲ್ಲರಿಗಿಂತ ಮೊದಲು ನೀರಿಗೆ ಬಿದ್ದಳು. ಒಂದು ಗುಟುಕು ಬಾಯಿಗೆ ಹೋಯಿತು.

"ಅಮ್ಮ, ಉಪ್ಪೇ ಇಲ್ಲ!"

"ಸಾರಿಗೆ ಉಪ್ಪು ಸಾಲ್ದು ಅನ್ನೋ ಅತ್ತೆ ಥರ ಆಡ್ತಾಳೆ ನೋಡು," ಎಂದು ನಕ್ಕ ಜಯಶೀಲಾ, ಹುಡುಗಿ ಎದ್ದು ನಿಂತದ್ದೇ ನಗು ನುಂಗಿದಳು. "ಲೇ ಲತಾ. ನಮ್ಮ ಏಡಿ ಅಲ್ವೇನೇ ಅದು?"

"ಮುಚ್ಚೇ ಬಾಯಿ."

"ನಾನು ಮುಚ್ತೀನಿ. ಇಷ್ಟು ಜನದ ಕಣ್ಣು ಯಾರೇ ಮುಚ್ತಾರೆ?"

ಎರಡು ತಿಂಗಳಿಂದ ಅದೇ ಏಡಿಗಳನ್ನು ಹೊಲಿಯುತ್ತಿದ್ದವರಿಗೆ ಅವನ್ನು ಗುರುತಿಸಲು ಕನ್ನಡಕ ಬೇಕಿರಲಿಲ್ಲ. ಬಾಡಿಗೆಯ ಕಪ್ಪು ಈಜುಡುಗೆ ತೊಟ್ಟು ನಾಚಿಕೊಂಡು ದಂಡೆಯಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ನೀರಿಗಿಳಿದು ಮೈತ್ರಿಯ ಸುತ್ತ ನಿಂತರು. ಮೂವತ್ತು ಜನರ ಕಪ್ಪು ಗೋಡೆ, ನಡುವೆ ಕುಣಿಯುವ ಒಂದು ಹುಡುಗಿ.

ಶಾಂತವೀರಪ್ಪ ಪ್ಯಾಂಟು ಮಡಿಸಿಕೊಂಡು, ಫೋನು ಹಿಡಿದು ಬಂದ. "ಏನ್ರಮ್ಮ, ಬಿಎಂಟಿಸಿ ಬಸ್ಸಲ್ಲಿ ನಿಂತಂಗೆ ನಿಂತಿದೀರ! ಮಕ್ಕಳು ಕಾಣ್ಬೇಕು, ಸರೀರಿ."

"ಚಳಿ ಸಾರ್," ಎಂದಳು ಜಯಶೀಲಾ, ಮಟಮಟ ಮಧ್ಯಾಹ್ನದಲ್ಲಿ.

ಆಗ ಸೈರನ್ ಕೂಗಿತು. ಗಂಟೆಗೊಮ್ಮೆ ಮಷೀನು ಎಬ್ಬಿಸುವ ಅಲೆ ಹಿಂದಿನಿಂದ ಬಂದು ಮೂವತ್ತು ಜನರನ್ನೂ ದಿಕ್ಕಿಗೊಬ್ಬರಂತೆ ಕೆಡವಿತು. ಮೈತ್ರಿ ಕೇಕೆ ಹಾಕುತ್ತ ತೇಲಿಬಂದು ಶಾಂತವೀರಪ್ಪನ ಕಾಲ ಬಳಿಯೇ ನಿಂತಳು.

ಅವನು ಬಗ್ಗಿ ನೋಡಿದ. ಲತಾಮಣಿ ನೀರು ತಳ್ಳಿಕೊಂಡು ಮಗಳ ಪಕ್ಕಕ್ಕೆ ಬಂದಳು.

"ಸಖತ್ತಾಗಿದೆಯಲ್ಲಮ್ಮ ಕಾಸ್ಟ್ಯೂಮು! ಎಲ್ಲಿ ತಗೊಂಡ್ರಿ?"

"ಜಯನಗರ, ಸಾರ್. ಫೋರ್ತ್ ಬ್ಲಾಕು."

"ಹೊಲಿಗೆ ನೋಡ್ರಮ್ಮ ಎಲ್ಲಾರೂ. ಇದು ಹೊಲಿಗೆ ಅಂದ್ರೆ. ನೀವೂ ಇದೀರ."

ಅವನ ಕೆಲಸ ಹಾಜರಿ, ರಜೆ, ದೂರು. ಬಟ್ಟೆಯ ಕಡೆ ಅವನು ತಿರುಗಿ ನೋಡಿದವನಲ್ಲ. ಮೊದಲನೇ ಬಹುಮಾನ ಮೈತ್ರಿಗೇ ಕೊಟ್ಟ. ಹೆಂಗಸರು ಕೈ ಉರಿಯುವಂತೆ ಚಪ್ಪಾಳೆ ತಟ್ಟಿದರು. ಅವಳ ಭುಜದ ಮೇಲೆ ಕೈಯಿಟ್ಟು ತಾನೂ ಫೋಟೋ ತೆಗೆಸಿಕೊಂಡ. ಬಸ್ಸಿನಲ್ಲಿ ಜಯಶೀಲಾ ಲತಾಮಣಿಯ ತೊಡೆಗೆ ಗುದ್ದಿ, "ಬಚಾವಾದೆ ಕಣೇ, ಮುಂಡೇದೆ," ಎಂದಳು. ಲತಾಮಣಿ ಅಂದು ಮೊದಲ ಸಲ ನಕ್ಕಳು.

ಒಂಬತ್ತನೆಯ ದಿನ ವಿದೇಶದಿಂದ ಉತ್ತರ ಬಂತು. ಮಕ್ಕಳ ನಗು ಚೆನ್ನಾಗಿದೆ ಎಂದು ಮೊದಲ ಸಾಲಿನಲ್ಲಿತ್ತು. ಮುಂದಿನ ಬೇಸಿಗೆಗೆ ಅಂಗಡಿಗೆ ಬರಬೇಕಾದ, ಇನ್ನೂ ಯಾರಿಗೂ ತೋರಿಸದ ಬಟ್ಟೆ ಈಗಲೇ ಬೆಂಗಳೂರಿನ ನೀರಿನಲ್ಲಿ ಹೇಗೆ ಇದೆ ಎಂಬುದು ಎರಡನೆಯ ಸಾಲು.

ವಿಚಾರಣೆಯಲ್ಲಿ ಲತಾಮಣಿಯ ಮಷೀನು ಸಾಲಿನ, ಇಡೀ ಲೈನಿನ ಹೆಂಗಸರು ಆ ಬಟ್ಟೆಯನ್ನು ಕಂಡೇ ಇಲ್ಲ ಎಂದರು. ಅವರ ಮಷೀನುಗಳ ಮೇಲೆ ಆಗಲೂ ಏಡಿಗಳೇ ಬಿದ್ದಿದ್ದವು. ಅಂಗಡಿಯಲ್ಲಿ ಕೊಂಡದ್ದೆಂದೇ ಲತಾಮಣಿ ಹೇಳಿದಳು. ಕದ್ದವರು ತಾವಾಗಿ ಒಪ್ಪಿಕೊಳ್ಳದಿದ್ದರೆ ಲೈನಿನ ಅರವತ್ತು ಜನರೂ ಮನೆಗೆ ಎಂದು ಮೇಲಿನಿಂದ ಮಾತು ಬಂತು. ಲತಾಮಣಿ ಶಾಂತವೀರಪ್ಪನ ರೂಮಿಗೆ ಹೋಗಿ, "ನಾನೇ ಸಾರ್," ಎಂದಳು.

ಅವನ ಮುಂದೆ ಫೋಟೋ ಇತ್ತು. ಅವನಿದ್ದ ಅರ್ಧ ಅದರಲ್ಲಿರಲಿಲ್ಲ. ಹುಡುಗಿಯ ಭುಜದ ಮೇಲೆ ನಾಲ್ಕು ಬೆರಳು ಮಾತ್ರ ಉಳಿದಿದ್ದವು.

"ಹೊಲಿದಿದ್ದೂ ನೀವೇನಾ?"

"ಹೂಂ, ಸಾರ್."

"ಪೂರ್ತಿ?"

"ಪೂರ್ತಿ."

"ಚೆನ್ನಾಗಿತ್ತು," ಎಂದು ಕಾಗದವನ್ನೂ ಪೆನ್ನನ್ನೂ ಮುಂದೆ ತಳ್ಳಿದ.

ಒಂಬತ್ತು ವರ್ಷದ ಕೆಲಸದ ಕೊನೆಗೆ ಕಳ್ಳತನ ಎಂದು ಬರೆದು ಅವಳನ್ನು ಶನಿವಾರ ತೆಗೆದುಹಾಕಿದರು. ಬೊಮ್ಮನಹಳ್ಳಿಯ ಬೇರೆ ಯಾವ ಗಾರ್ಮೆಂಟ್ಸಿನಲ್ಲೂ ಅವಳಿಗೆ ಕೆಲಸ ಸಿಗಲಿಲ್ಲ.