ನೇರಳೆ ಲೇಸಿನ ಶೂ

—ಮತ್ತೆ ಮಿನುಗಿತು ಆ ಕೆಂಪು ಚುಕ್ಕಿ, ಬೋರ್ಡಿನ ಮೇಲ್ಗಡೆ, ಗಡಿಯಾರದ ಪಕ್ಕದಲ್ಲಿ, ಆರಿತು, ಮತ್ತೆ ಮಿನುಗಿತು, ನೋಡು ಪಪ್ಪ, ಕಣ್ತುಂಬ ನೋಡು, ನಿನ್ನ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಾಳೆ, ಮೂರನೇ ಬೆಂಚು, ಕಿಟಕಿಯ ಬದಿ, ಕೈಯಲ್ಲಿ ಪೆನ್ನೂ ಇದೆ, ಇನ್ನೇನು ಬೇಕು ನಿನಗೆ — ರಮಿತಾ ಕ್ಯಾಮೆರಾವನ್ನೇ ದುರುಗುಟ್ಟಿ ನೋಡಿದಳು, ಬಾಯಲ್ಲಿ ಯಾವತ್ತೂ ನೀವು, ಒಳಗೆ ಮಾತ್ರ ಒಂದು ವಾರದಿಂದ ನೀನು, ಹನ್ನೊಂದು ಇಪ್ಪತ್ತು, ಕೋಪರಖೈರಣೆಯ ಹೋಟೆಲಿನಲ್ಲಿ ತಿಂಡಿಯ ಗಿರಾಕಿ ಮುಗಿದಿರುತ್ತದೆ, ಊಟದ ಗಿರಾಕಿ ಇನ್ನೂ ಬಂದಿರುವುದಿಲ್ಲ, ಮ್ಯಾನೇಜರ್ ಲೀಲಾಧರ, ಅಂದರೆ ಪಪ್ಪ, ಗಲ್ಲಾದ ಹಿಂದೆ ಕೂತು, ಸೋಂಪಿನ ಡಬ್ಬಕ್ಕೆ ಆನಿಸಿಟ್ಟ ಫೋನಿನಲ್ಲಿ ನೆರೂಳದ ಈ ಎರಡನೇ ಮಾಳಿಗೆಯ ಕ್ಲಾಸು ನೋಡುತ್ತಿರುತ್ತಾರೆ, ಕ್ಲಾಸಿನವರೇ ಕೊಟ್ಟ ಸೌಲಭ್ಯ, ಮಕ್ಕಳು ಕಲಿಯುವುದನ್ನು ತಂದೆತಾಯಿ ಕೂತಲ್ಲೇ ನೋಡಬಹುದು, ಉಳಿದವರೆಲ್ಲ ಎರಡು ದಿನ ನೋಡಿ ಬಿಟ್ಟಿರಬೇಕು, ಇವರೊಬ್ಬರಿಗೆ ಅದೇ ಸೀರಿಯಲ್ಲು, ತಾನೊಬ್ಬ ನೋಡಿದರೂ ಸಾಲದು, ಇಡೀ ಹೋಟೆಲಿಗೆ ತೋರಿಸಬೇಕು, ಮೊನ್ನೆ ಹೋದಾಗ ಸಪ್ಲಾಯರ್ ಮುರಾರಿ ಅಣ್ಣ ಕೇಳಿಯೇಬಿಟ್ಟ, ಎಂತ ರಮಿತಾ, ನಿನ್ನೆ ಎರಡನೇ ಪಿರಿಯಡಲ್ಲಿ ತೂಕಡಿಸ್ತಾ ಇದ್ದಿ ಅಲ್ವಾ, ಇಡ್ಲಿಯ ತಟ್ಟೆ ಹಿಡಿದುಕೊಂಡು ನಗುತ್ತ, ಪಪ್ಪನೂ ನಗುತ್ತ, ಆ ತೂಕಡಿಕೆಗೇ ಅಲ್ಲವೇ ಅವರು ಇಲ್ಲಿಗೆ ಫೋನು ಮಾಡಿದ್ದು, ಮನೀಶ ಸರ್ ಮಾರ್ಕರ್ ಕೆಳಗಿಟ್ಟು ಎಲ್ಲರೆದುರು, ರಮಿತಾ, ಪಾಪಾ ದೇಖ್ ರಹೇ ಹೈ, ಮುಂಹ್ ಧೋ ಕೇ ಆವ್, ಪಪ್ಪ ನೋಡ್ತಿದ್ದಾರೆ, ಮುಖ ತೊಳೆದು ಬಾ ಅಂತ — ಎಂಬತ್ತು ಮುಖ ತಿರುಗಿದವು, ಅಂದಿನಿಂದ ಕ್ಲಾಸಿನಲ್ಲಿ ಅವಳ ಹೆಸರೇ ಪಾಪಾ ದೇಖ್ ರಹೇ ಹೈ, ನಗಲಿ, ನಕ್ಕವರ ಹಲ್ಲೆಲ್ಲ ಉದುರಿಹೋಗಲಿ.

ಬೋರ್ಡಿನ ಮೇಲೆ ಸರ್ ಒಂದು ಗುಡ್ಡ ಬರೆದಿದ್ದಾರೆ, ಗುಡ್ಡವೆಂದರೆ ತ್ರಿಕೋನ, ಬುಡದಿಂದ ಅರವತ್ತು ಮೀಟರ್ ದೂರದಲ್ಲಿ ಒಬ್ಬ ಮನುಷ್ಯ ನಿಂತು ತುದಿ ನೋಡುತ್ತಾನೆ, ಕೋನ ಮೂವತ್ತು ಡಿಗ್ರಿ, ಎತ್ತರ ಎಷ್ಟು, ಹತ್ತಿ ನೋಡೋ ಮಾರಾಯ, ಕಾಲಿಲ್ಲವಾ ನಿನಗೆ, ಇಲ್ಲ, ಅವನು ಹತ್ತುವುದಿಲ್ಲ, ದೂರ ನಿಂತು ಲೆಕ್ಕ ಹಾಕುತ್ತಾನೆ, ಅವನಿಗೂ ಮನೆಯಲ್ಲಿ ಯಾರೋ ಬೇಡ ಅಂದಿರಬೇಕು — ಒಂಬತ್ತನೇ ಕ್ಲಾಸಿನ ಪರೀಕ್ಷೆ ಒಂದು ಬುಧವಾರ ಮುಗಿದಿತ್ತು, ಮುಂದಿನ ಸೋಮವಾರದಿಂದಲೇ ಇದು ಶುರು, ಹತ್ತನೆಯದರ ಅರ್ಧ ಪಾಠ ಜೂನ್ ಬರುವುದರೊಳಗೆ ಮುಗಿಸುತ್ತಾರಂತೆ, ಇದಕ್ಕೆ ವೆಕೇಶನ್ ಬ್ಯಾಚ್ ಅಂತ ಹೆಸರು, ರಜೆಯನ್ನು ಕಿತ್ತುಕೊಂಡವರೇ ಇಟ್ಟ ಹೆಸರು, ಹಾಗಿದ್ದರೂ ಅವಳು ಒಪ್ಪಿದ್ದಳು, ಯಾಕೆಂದರೆ ಮಧ್ಯದ ಹನ್ನೆರಡು ದಿನ ಶಾಲೆಯ ಟ್ರೆಕ್ಕಿಂಗ್ ಕ್ಯಾಂಪ್, ಹಿಮಾಚಲ, ಹೋಗು ಅಂತ ಜನವರಿಯಲ್ಲಿ ಪಪ್ಪನೇ ಸಹಿ ಹಾಕಿದ್ದರು, ಐದು ಭಾನುವಾರ ಬೆಳಗಿನ ಐದೂವರೆಗೆ ಖಾರಘರದ ಗುಡ್ಡ ಹತ್ತಿಸಿದ್ದರು ಶಾಲೆಯವರು, ಹೊಸ ಶೂ ಪಳಗಬೇಕು, ಪಳಗದ ಶೂ ಹಾಕಿಕೊಂಡು ಬಂದರೆ ಮೇಲೆ ಅಳುತ್ತೀರಿ ಅಂತ ಕ್ಯಾಂಪಿನ ಟೀಚರ್ ಹೇಳಿದ್ದರು, ಎಡ ಹಿಮ್ಮಡಿಯಲ್ಲಿ ಗುಳ್ಳೆ ಎದ್ದು ಒಡೆದು ಒಣಗಿ, ನಾಲ್ಕನೇ ಭಾನುವಾರಕ್ಕೆ ಶೂ ಮಣಿದಿತ್ತು, ಕಾಲಿಟ್ಟರೆ ಕಾಲು ಎಲ್ಲಿ ಮುಗಿದು ಶೂ ಎಲ್ಲಿ ಶುರುವಾಗುತ್ತದೆಂದು ತಿಳಿಯದಷ್ಟು, ಬೂದು ಬಣ್ಣ, ನೇರಳೆ ಲೇಸು, ಐದು ನಂಬರು, ವಾಶಿಯ ಅಂಗಡಿಯಲ್ಲಿ ಕೆಳಗಿನ ಮನೆಯ ಸೌಜನ್ಯಳೂ ಜೊತೆಗಿದ್ದಳು, ತಮಾಷೆಗೆ ಹಾಕಲು ನೋಡಿ, ಹಿಮ್ಮಡಿ ಒಳಗೆ ಹೋಗದೆ, ಯಾರ್, ಸಿಂಡ್ರೆಲಾ ತೂ ಹೀ ಹೈ, ಸಿಂಡ್ರೆಲಾ ನೀನೇ ಅಂತ ಇಬ್ಬರೂ ನಕ್ಕಿದ್ದರು, ಆಮೇಲೆ, ಹೋದ ವಾರ, ಬಂತು ರಿಸಲ್ಟು. ಗಣಿತದಲ್ಲಿ ಐವತ್ತೆಂಟು. ಪಪ್ಪ ಜೋರು ಮಾಡಲಿಲ್ಲ, ಜೋರು ಮಾಡಿದ್ದರೆ ತಿರುಗಿ ಅನ್ನಬಹುದಿತ್ತು, ಮೆಲ್ಲಗೆ, ಮೀನುಸಾರಿಗೆ ಅನ್ನ ಕಲಸುತ್ತ, ಕ್ಯಾಂಪ್ ಎಲ್ಲಿಗೂ ಓಡಿ ಹೋಗ್ಲಿಕ್ಕಿಲ್ಲ ಮಗಾ, ಬರುವ ವರ್ಷ ಹೋಗುವಾ, ಹತ್ತನೇದು ಅಂದ್ರೆ ಆಟ ಅಲ್ಲ, ಶಾಲೆಗೆ ನಾನು ಫೋನ್ ಮಾಡಿ ಹೇಳಿ ಆಯ್ತು. ಹೇಳಿ ಆಗಿತ್ತು. ಆಮೇಲೆ ಅವಳಿಗೆ ತಿಳಿಸಿದ್ದು.

ಅದನ್ನಾದರೂ ನುಂಗುತ್ತಿದ್ದಳು, ನುಂಗಿದ್ದಳು ಕೂಡ — ಮೊನ್ನೆ ಸಂಜೆ ಸೌಜನ್ಯ ಕ್ಯಾಂಪಿಗೆ ಹೊರಡುವ ಮುಂಚೆ ಹೇಳಿಹೋಗಲು ಬಂದಾಗ ರಮಿತಾ ಬೇಕೆಂದೇ ಒಳಗಿನ ಕೋಣೆಯಿಂದ ಹೊರಬರಲಿಲ್ಲ, ಬಾಗಿಲ ಹಿಂದೆ ನಿಂತು ಕೇಳಿದಳು, ಪಪ್ಪನ ದನಿ, ನಿನ್ನ ಶೂ ಇದಾ, ಅಡಿ ಸವೆದು ಹೋಗಿದೆಯಲ್ಲ, ಮಂಜಿನ ಮೇಲೆ ಜಾರ್ತೀಯಾ, ನಿಲ್ಲು ನಿಲ್ಲು, ಕಪಾಟಿನ ಬಾಗಿಲು ಕಿರ್ರೆಂದಿತು, ಅವಳ ಎದೆಯೂ, ಇದು ಸುಮ್ನೆ ಇಲ್ಲಿ ಕೂತು ಹಾಳಾಗ್ತದೆ, ನೀನಾದ್ರೂ ಹಾಕಿಕೋ, ಅಯ್ಯೋ ಅಂಕಲ್ ಬೇಡ, ರಮಿತಾ ಕಾ ಹೈ ನಾ, ಅವಳದಲ್ವಾ, ಎಂತ ಬೇಡ, ನಿನ್ನ ಅಪ್ಪನೂ ನಾನೂ ಒಂದೇ ಸಂಘದವರು, ಹಿರಿಯರು ಕೊಟ್ಟದ್ದು ಬೇಡ ಅಂತಾರಾ, ತಕ್ಕೋ — ಆಮೇಲೆ ಥ್ಯಾಂಕ್ಯೂ ಅಂಕಲ್. ಅಷ್ಟೇ. ಅವಳನ್ನು ಕೇಳಲಿಲ್ಲ, ಒಂದೇ ಒಂದು ಸಲ ಒಳಗೆ ಬಂದು, ಕೊಡ್ಲಾ ಅಂತ ಕೇಳಲಿಲ್ಲ. ಅಮ್ಮ ವಿನೋದಾ ಅಲ್ಲೇ ಕೂತು ಬಟಾಟೆ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ, ರಾತ್ರಿ ಮಾತ್ರ ಬಂದು ಕೂದಲಲ್ಲಿ ಕೈಯಾಡಿಸಿ, ಪಪ್ಪನ ಹತ್ರ ಬಾಯಿ ಜೋರು ಮಾಡ್ಬೇಡ, ಇನ್ನೊಂದು ಶೂ ತೆಗೆಯುವಾ, ಇನ್ನೊಂದು ಶೂ, ಇನ್ನೊಂದು ಹಿಮ್ಮಡಿ ಕೊಡ್ತೀರಾ ನನಗೆ — ಆ ಕೈಯನ್ನು ತಳ್ಳಿಹಾಕಿದ್ದಳು ರಮಿತಾ, ಆ ಥ್ಯಾಂಕ್ಯೂ ಮಾತ್ರ ಇನ್ನೂ ಕಿವಿಯಲ್ಲಿದೆ, ಎರಡು ರಾತ್ರಿ ಅವಳು ಕಂಡದ್ದು ಒಂದೇ, ಬಿಳೀ ಮಂಜು, ಅದರ ಮೇಲೆ ತನ್ನ ಶೂ, ಒಳಗೆ ಸೌಜನ್ಯಳ ಕಾಲು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ನೇರಳೆ ಲೇಸಿನ ಗಂಟು ಕುಣಿಯುತ್ತ, ಜಾರಿ ಬೀಳಲಿ ಅವಳು, ದೊಡ್ಡದಾಗಿ ಏನೂ ಆಗುವುದು ಬೇಡ, ಒಂದು ಕಾಲು ಉಳುಕಲಿ ಸಾಕು.

ಹನ್ನೊಂದು ಮೂವತ್ತೊಂದು. ಇವತ್ತು ಹನ್ನೊಂದು ನಲ್ವತ್ತೆರಡಕ್ಕೆ ಕ್ಯಾಂಪಿನವರ ಠಾಣೆ ಲೋಕಲ್, ಠಾಣೆಯಿಂದ ಕಲ್ಯಾಣ, ಕಲ್ಯಾಣದಿಂದ ದಿಲ್ಲಿಯ ಗಾಡಿ, ಅವಳಿಗೆ ಬಾಯಿಪಾಠ, ಕ್ಯಾಂಪಿನ ಕಾಗದವನ್ನು ಅಷ್ಟು ಸಲ ಓದಿದ್ದಾಳೆ — ಟ್ರಿಪ್ ಬೇಡ, ಹಿಮಾಚಲ ಬೇಡ, ಶೂ ಬೇಕು, ಸ್ಟೇಷನ್ ರಸ್ತೆಯ ಆಚೆಗೇ ಇದೆ, ಮೂರು ನಿಮಿಷ, ಹೋಗಿ ಎಲ್ಲರೆದುರು, ಬಿಚ್ಚು, ನನ್ನದು, ಬಿಚ್ಚು ಅನ್ನಬೇಕು, ಅಷ್ಟೇ, ಬರಿಗಾಲಲ್ಲಿ ಹೋಗಲಿ ಹಿಮಾಲಯಕ್ಕೆ — ಸರ್, ವಾಶ್‌ರೂಮ್, ಅವಳ ಕೈ ಮೇಲೆದ್ದಿತು, ಬ್ರೇಕ್ ಮೇ ಗಯೀ ಥೀ ನಾ ರಮಿತಾ, ಬೈಠೋ, ಸಮ್ ಪೂರಾ ಕರೋ, ಬ್ರೇಕಿನಲ್ಲೇ ಹೋಗಿದ್ದಳಲ್ಲ, ಕೂತು ಲೆಕ್ಕ ಮುಗಿಸಬೇಕಂತೆ, ಕೈ ಇಳಿಯಿತು, ಬಿಟ್ಟರೂ ಏನು, ಕೆಳಗಿನ ಬಾಗಿಲಲ್ಲಿ ಬೆರಳು ಒತ್ತಿದರೆ ಪಪ್ಪನಿಗೆ ಮೆಸೇಜು ಹೋಗುತ್ತದೆ, ಒತ್ತದಿದ್ದರೆ ಬಾಗಿಲು ತೆರೆಯುವುದಿಲ್ಲ, ಅವಳ ಫೋನು ಹದಿನಾಲ್ಕನೇ ನಂಬರಿನ ಚೀಲದಲ್ಲಿ ಗೋಡೆಗೆ ನೇತಾಡುತ್ತಿದೆ, ಇಷ್ಟು ಕಾವಲು ಬ್ಯಾಂಕಿಗೂ ಇಲ್ಲ, ಕೆಂಪು ಚುಕ್ಕಿ ಮಿನುಗಿತು, ಆ ಕ್ಷಣ ಅವಳಿಗೆ ಪಪ್ಪನ ಮೇಲೆ ಹುಟ್ಟಿದ್ದು ಸಿಟ್ಟಲ್ಲ, ದ್ವೇಷ, ಶುದ್ಧ ದ್ವೇಷ, ಸೋಂಪು ಅಗಿಯುವ ಆ ದವಡೆ, ಮಗಾ ಅನ್ನುವ ಆ ಮೆತ್ತನೆ ದನಿ, ಸಾಯುವವರೆಗೂ ಇದನ್ನು ಮರೆಯುವುದಿಲ್ಲ ಎಂದುಕೊಂಡಳು, ಎಂದುಕೊಂಡಾಗ ಹಿತವಾಯಿತು, ಎದ್ದು ನಿಂತಳು.

ನಿಂತಳು, ಕಿಟಕಿಗೆ ಹೋದಳು, ಮೂರು ಹೆಜ್ಜೆ, ರಮಿತಾ, ಕ್ಯಾ ಹುವಾ, ಕಿಟಕಿಗೆ ಹೊರಗಿನಿಂದ ಹೋದ ವರ್ಷದ ಟಾಪರ್‌ಗಳ ಫ್ಲೆಕ್ಸ್ ಬಿಗಿದಿದ್ದಾರೆ, ತೊಂಬತ್ತಾರು ಶೇಕಡಾದ ಯಾವುದೋ ಹುಡುಗಿಯ ಕಿವಿಯ ಹತ್ತಿರ ಅದು ಹರಿದಿದೆ, ಅವಳು ಅಲ್ಲಿಗೆ ಕಣ್ಣಿಟ್ಟಳು, ಬಿಸಿಲು, ರಿಕ್ಷಾಗಳು, ಅಗೋ ನೀಲಿ ಟೀಶರ್ಟುಗಳು, ಮೂವತ್ತು ನಲ್ವತ್ತು, ಸ್ಟೇಷನ್ ಕಡೆಗೆ ದೊಡ್ಡ ದೊಡ್ಡ ಚೀಲ ಹೊತ್ತು, ಸೌಜನ್ಯಳ ಜುಟ್ಟು ಕಂಡಿತು, ಕಾಲು, ಕಾಲು ನೋಡು, ಬೇಗ — ಕಾಲಲ್ಲಿ ಅವಳದೇ ಸವೆದ ಹಳೇ ಶೂ. ರಮಿತಾಳ ಶೂ ಅವಳ ಚೀಲದ ಹಿಂದೆ. ಲೇಸಿಗೆ ಲೇಸು ಗಂಟುಹಾಕಿ ನೇತುಬಿಟ್ಟಿದ್ದಾಳೆ. ಐದು ನಂಬರು, ಹಿಮ್ಮಡಿ ಒಳಗೆ ಹೋಗದ್ದು, ಇಬ್ಬರೂ ನಕ್ಕದ್ದು, ಹೇಗೆ ಮರೆತೆ, ಕಾಲಿಗಾಗದ್ದನ್ನು ಕೊಟ್ಟಿದ್ದಾರೆ, ನಂಬರು ಕೂಡ ಕೇಳದೆ, ಕಾಲಿಗಾಗದ್ದನ್ನು ಅವಳು ತಕ್ಕೊಂಡಿದ್ದಾಳೆ, ಹಿರಿಯರಿಗೆ ಬೇಡ ಅನ್ನಲಾಗದೆ, ಹಾಕದಿದ್ದರೂ ಅಂಕಲ್‌ಗೆ ಬೇಜಾರಾಗಬಾರದೆಂದು ಹೊತ್ತುಕೊಂಡು ಹೋಗುತ್ತಿದ್ದಾಳೆ, ಮಂಜಿನವರೆಗೆ, ಮಂಜಿನಿಂದ ವಾಪಸ್, ಹಿಂದೆ ಮನೀಶ ಸರ್ ಅವರ ಫೋನು ರಿಂಗಾಯಿತು, ಹಾಂ ಲೀಲಾಧರ್ ಜೀ, ಹಾಂ, ಖಿಡಕೀ ಕೇ ಪಾಸ್ ಖಡೀ ಹೈ, ಕಿಟಕಿಯ ಹತ್ತಿರ ನಿಂತಿದ್ದಾಳೆ ಅಂತ, ರಮಿತಾ, ಪಾಪಾ, ಅವಳು ತಿರುಗಲಿಲ್ಲ, ಸೌಜನ್ಯ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದಳು, ಒಂದೊಂದು ಮೆಟ್ಟಿಲಿಗೂ ಆ ಶೂಗಳು ಚೀಲಕ್ಕೆ ಬಡಿದು, ಒಂದಕ್ಕೊಂದು ಬಡಿದು, ತೂಗುತ್ತಿದ್ದವು, ಒಳಗೆ ಯಾರ ಕಾಲೂ ಇಲ್ಲ, ನೇರಳೆ ಲೇಸು, ತೂಗುತ್ತಿದ್ದವು, ಯಾರ ಕಾಲೂ ಇಲ್ಲ, ಆ ಎರಡು ಶೂ—