ಹೆಸರು ಹಿಡಿದು ಕೂಗದ ದೆವ್ವ

ನಮ್ಮ ಮುತ್ತಜ್ಜಿ ದೆವ್ವದ ಕತೆ ಬರೆಯುತ್ತಿದ್ದಳು. ತೊಂಬತ್ತು ವರ್ಷದ ಹಿಂದೆ, ತ್ರಿಪ್ಲಿಕೇನಿನ ಅಡುಗೆಮನೆಯೊಂದರಲ್ಲಿ ಕೂತು, ಹದಿನಾಲ್ಕು ಕತೆ. ಪತ್ರಿಕೆಯಲ್ಲಿ ಅಚ್ಚಾಗಿದ್ದು ಮಾತ್ರ ಮುತ್ತಾತ ಶಿವರಾಮುವಿನ ಹೆಸರಿನಲ್ಲಿ. ರೈಲ್ವೆ ಗುಮಾಸ್ತನಾಗಿದ್ದ ಆ ಮಹಾಶಯನಿಗೆ ರಜೆ ಅರ್ಜಿ ಬರೆಯುವುದಕ್ಕೂ ಪಕ್ಕದ ಮೇಜಿನವರು ಬೇಕಿತ್ತಂತೆ.

ಈಗ ನಮ್ಮ ಕನ್ನಡ ಸಂಘ ಆ ಕತೆಗಳನ್ನು ಪುಸ್ತಕ ಮಾಡುತ್ತಿದೆ. ಸಂಜೆ ಮುಖಪುಟ ಅಚ್ಚಿಗೆ ಹೋಗಬೇಕು, ಅದರ ಮೇಲೂ ಶಿವರಾಮುವೇ. ವಿಮಾ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಸಂಘದ ಕಾರ್ಯದರ್ಶಿ ಗುರುಚರಣರ ಎದುರು ಹೋಗಿ ಕೂತೆ.

"ಪತ್ರಿಕೇಲಿ ಅವರ ಹೆಸ್ರೇ ಇದೆಯಲ್ಲಮ್ಮಾ ಗುಣವತಿ. ಆಧಾರ ಬೇಡ್ವಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಮೂರನೆಯ ಕತೆ ತೆಗೆದು ಮುಂದಿಟ್ಟೆ. ಸತ್ತ ಹೆಂಡತಿ ಗಂಡನನ್ನು ಕರೆದೊಯ್ಯಲು ಬರುತ್ತಾಳೆ. ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಆತ ಓಗೊಡಬೇಕು. ದೆವ್ವಗಳ ಕಾನೂನು ಅದು. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಹನ್ನೊಂದು ಅಮಾವಾಸ್ಯೆ ಬಂದು "ಏನೂಂದ್ರೆ, ಏನೂಂದ್ರೆ" ಎಂದು ಕೂಗುತ್ತಾಳೆ. ಒಳಗೆ ಹಾಲು ಉಕ್ಕುತ್ತಿದ್ದರೆ ಹೋಗಿ ಒಲೆಯ ಸೌದೆ ಹಿಂದಕ್ಕೆಳೆದು, ವಾಪಸ್ಸು ಹೋಗುತ್ತಾಳೆ. ಗಂಡ ನೂರು ವರ್ಷ ಬಾಳುತ್ತಾನೆ.

"ಇದು ಗಂಡಸರು ಬರೆಯೋ ಕತೇನಾ ಸಾರ್? ನಿಮಗೆ ಹೊಳೀತಿತ್ತಾ?"

ಗುರುಚರಣರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಸರಿ ಬಿಡಮ್ಮಾ, ಒಪ್ಕೊಂಡೆ" ಎಂದು ಮುಖಪುಟದ ಕರಡಿನಲ್ಲಿ ಶಿವರಾಮುವಿನ ಮೇಲೆ ಗೀಟು ಎಳೆದರು. "ಮುತ್ತಜ್ಜಿ ಹೆಸ್ರು ಹೇಳು, ಬರ್ಕೋತೀನಿ."

ಗೆದ್ದ ಜೋರಿನಲ್ಲಿ ಬಾಯಿ ತೆರೆದೆ. ಅವಳ ಹೆಸರು ನನಗೇ ಗೊತ್ತಿರಲಿಲ್ಲ.

ಮಣಲಿಯಲ್ಲಿರುವ ಲೀಲಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಮುತ್ತಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ.

"ಅಜ್ಜಿ ಅಂತಿದ್ವಿ ಕಣೇ. ತಾತ 'ಏ ಇವಳೇ' ಅಂತಿದ್ರು. ಅವರ ಕೈ ಹುಳಿ, ಅಬ್ಬಾ, ಇವತ್ತಿಗೂ ಬಾಯಲ್ಲೇ ಇದೆ. ಹೆಸ್ರಾ? ಇರು ಮಾ, ಯೋಚ್ನೆ ಮಾಡ್ತೀನಿ."

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಮೂರು ತಿಂಗಳಿಂದ ಅವಳ ಪರವಾಗಿ ಸಂಘದವರೆಲ್ಲರ ಜೊತೆ ಜಗಳವಾಡಿದ್ದೆ, ಒಮ್ಮೆಯೂ ಇದನ್ನು ಕೇಳಿಕೊಂಡಿರಲಿಲ್ಲ.

ಗುರುಚರಣರು ಪೆನ್ನಿನ ಮುಚ್ಚಳ ಹಾಕಿದರು. ಪ್ರೆಸ್ಸಿಗೆ ಫೋನ್ ಮಾಡಿ, "ಇವತ್ತು ಬೇಡ" ಎಂದರು.

ನನ್ನ ಫೋನಿನಲ್ಲಿ ದೊಡ್ಡಮ್ಮ ಇನ್ನೂ ಯೋಚಿಸುತ್ತಲೇ ಇದ್ದರು.