ನಡುವಿನ ಬೆಳಕನ್ನು ನಂಬದ ಭಟ್ಟರು

ಯಜ್ಞೇಶ್ವರ ಭಟ್ಟರ ಕೋಟಿಗೆ ಮೂರು ಜೇಬುಗಳಿದ್ದವು. ಮೂರರ ಬಾಯಿಯನ್ನೂ ಅವರು ಹೊಲಿದುಬಿಟ್ಟಿದ್ದರು. ಕಳ್ಳರ ಭಯಕ್ಕಿರಬೇಕೆಂದು ನಾನು ಒಮ್ಮೆ ನಕ್ಕಾಗ ಅವರು ನಗಲಿಲ್ಲ. "ತೆಗೆಯುವವನನ್ನು ಹಿಡಿಯಬಹುದು ಮಾರಾಯ್ರೆ, ಹಾಕುವವನನ್ನು ಹಿಡಿಯುದು ಹೇಗೆ?" ಎಂದು ಕೇಳಿದರು. ಯಾರು, ಏನನ್ನು, ಏಕೆ ತಮ್ಮ ಜೇಬಿಗೆ ಹಾಕಿಯಾರು ಎಂಬುದನ್ನು ಅವರು ಯೋಚಿಸಿದಂತಿರಲಿಲ್ಲ. ಹಾಕುವ ಸಾಧ್ಯತೆ ಇದೆ, ಅಷ್ಟು ಸಾಕಿತ್ತು.

ಪುತ್ತೂರಿನ ಹೈಸ್ಕೂಲಿನಲ್ಲಿ ಅವರು ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಎತ್ತರದ ಆಳು, ತುಸು ಮುಂದಕ್ಕೆ ಬಾಗಿದ ನಡಿಗೆ. ಹತ್ತು ಹೆಜ್ಜೆಗೊಮ್ಮೆ ನಿಂತು, ಹಿಂದೆ ಬರುತ್ತಿರುವವರು ಹಿಂದೆಯೇ ಇದ್ದಾರೆಯೇ ಎಂದು ಖಚಿತಪಡಿಸಿಕೊಂಡು ಮತ್ತೆ ನಡೆಯುವರು. ತಮ್ಮೂರಾದ ಸವಣೂರಿಗೆ ಹೋಗುವ ಬಸ್ಸಿನ ಫಲಕವನ್ನು ಓದಿ, ಕಂಡಕ್ಟರನನ್ನು ಕೇಳಿ, ಆಮೇಲೆ ಒಳಗೆ ಕುಳಿತ ಒಬ್ಬ ಪ್ರಯಾಣಿಕನನ್ನೂ ಕೇಳಿಯೇ ಹತ್ತುವರು. ಪಠ್ಯಪುಸ್ತಕದ ಕೊನೆಯಲ್ಲಿ ಅಚ್ಚಾದ ಉತ್ತರಗಳನ್ನು ಪ್ರತಿವರ್ಷವೂ ತಾವೇ ಲೆಕ್ಕ ಮಾಡಿ ನೋಡುವರು. ಅವುಗಳಲ್ಲಿ ಹನ್ನೊಂದು ತಪ್ಪಾಗಿದ್ದವು ಎಂಬುದನ್ನೂ ಹೇಳಬೇಕು. ಯಾರು ಯಾವ ಸುದ್ದಿ ತಂದರೂ ಅವರ ಮೊದಲ ಮಾತು ಒಂದೇ: "ಕಂಡವರು ಯಾರು?"

ಇಂಥವರ ಕೈಗೆ ಆ ಪುಸ್ತಕವನ್ನು ಕೊಟ್ಟವನು ನಾನು. ಐವತ್ತೆಂಟನೆಯ ಇಸವಿಯಲ್ಲಿ ಮಂಗಳೂರಿನ ಗೆಳೆಯರೊಬ್ಬರಿಂದ ಎರವಲು ತಂದ ಖಗೋಳಶಾಸ್ತ್ರದ ಇಂಗ್ಲಿಷ್ ಗ್ರಂಥ ಅದು. ಅದರಲ್ಲೊಂದು ಸುರುಳಿ ನೀಹಾರಿಕೆಯ ಚಿತ್ರವಿತ್ತು: ನಮ್ಮ ಆಕಾಶಗಂಗೆಯಂಥದೇ ಮತ್ತೊಂದು ನಕ್ಷತ್ರಲೋಕ, ತಿಮಿಂಗಿಲ ಎಂಬ ತಾರಾಪುಂಜದ ದಿಕ್ಕಿನಲ್ಲಿ, ಬೆಳಕು ಬಂದು ತಲುಪಲು ಕೋಟಿಗಟ್ಟಲೆ ವರ್ಷ ಬೇಕಾಗುವಷ್ಟು ದೂರದಲ್ಲಿ. ಶಂಖದ ಸುತ್ತುಗಳಂತೆ ಬಳಸಿಕೊಂಡ ಎರಡು ಬಾಹುಗಳು. ನಡುವೆ ಉರಿಯುವ ಒಂದು ಬಿಂದು. ಬೇರೆ ನೀಹಾರಿಕೆಗಳಲ್ಲಿ ಬೆಳಕು ಮೆಲ್ಲಮೆಲ್ಲಗೆ ನಡುವಿಗೆ ಏರುತ್ತದೆ, ಇದರಲ್ಲಾದರೋ ಸೂಜಿಮೊನೆಯಂತೆ ಚುಚ್ಚುತ್ತದೆ. ಅಲ್ಲಿನ ಅನಿಲ ಸೆಕೆಂಡಿಗೆ ಸಾವಿರ ಮೈಲಿಗೂ ಮಿಕ್ಕಿದ ವೇಗದಲ್ಲಿ ಧಾವಿಸುತ್ತಿದೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಶಕ್ತಿ ಹೇಗೆಂಬುದು ತಿಳಿದಿಲ್ಲ ಎಂದು ಕೆಳಗೆ ಬರೆದಿತ್ತು. ಭಟ್ಟರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹಿಂದುಮುಂದು ನೋಡಿದರು, ಬಿಂದುವನ್ನು ಉಗುರಿನಿಂದ ಕೆರೆದರು.

"ಅಚ್ಚಿನವನ ಕಲೆ ಇದು. ಕಾರಣ ತಿಳಿದಿಲ್ಲ ಅಂತ ಬರೆದಿದ್ದಾನಲ್ಲ, ಆ ಒಂದು ವಾಕ್ಯವನ್ನು ಬೇಕಾದರೆ ನಂಬಬಹುದು" ಎಂದರು.

ಬೇರೆಯವರಾದರೆ ಅಲ್ಲಿಗೆ ಮರೆಯುತ್ತಿದ್ದರು. ಭಟ್ಟರು ದೂರದರ್ಶಕ ಕಟ್ಟಲು ಹೊರಟರು. ಕಡಬದಲ್ಲಿ ಗುಜರಿ ವ್ಯಾಪಾರ ಮಾಡುತ್ತಿದ್ದ ಮೂಸಕುಂಞಿ ಅವರ ಬಹುಕಾಲದ ಸ್ನೇಹಿತರು. ಹಳೆಯ ಹಡಗಿನ ಕಿಟಕಿಯ ದಪ್ಪ ಗಾಜಿನ ಎರಡು ಬಿಲ್ಲೆಗಳನ್ನು ಮಂಗಳೂರು ಬಂದರಿನಿಂದ ಗೋಣಿಯಲ್ಲಿ ಸುತ್ತಿ ತಂದುಕೊಟ್ಟರು. ಒಳಗೆ ಬಿರುಕಿದೆಯೆಂದು ಭಟ್ಟರು ಒಂದು ತಿಂಗಳು ಸಂಶಯಪಟ್ಟರು. ಆಮೇಲೆ ಒಂದರ ಮೇಲೊಂದಿಟ್ಟು, ನಡುವೆ ಸಾಣೆಪುಡಿ ಮತ್ತು ನೀರು ಹಾಕಿ ತಿಕ್ಕತೊಡಗಿದರು. ಮೂಸಕುಂಞಿ ವಾರಕ್ಕೊಮ್ಮೆ ಬಂದು ಎದುರು ಕುಳಿತು ತಾವೂ ತಿಕ್ಕುವರು. ಎರಡೂವರೆ ವರ್ಷ ನಡೆದ ಈ ವ್ರತದ ಕೊನೆಗೆ ಆರಂಗುಲದ ಕನ್ನಡಿಯೊಂದು ಸಿದ್ಧವಾಯಿತು. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು, ತಗಡಿನ ಕೊಳವೆಯಲ್ಲಿ ಕೂರಿಸಿ, ಮನೆಯ ಹಿಂದಿನ ಗುಡ್ಡದಲ್ಲಿ ಬೋಳು ಬಂಡೆಯಾಗಿ ಹರಡಿದ ಪಾದೆಕಲ್ಲಿನ ಮೇಲೆ ನಿಲ್ಲಿಸಿದರು.

ಸುರುಳಿ ಕಾಣಲಿಲ್ಲ, ಅಷ್ಟು ಸಣ್ಣ ಕನ್ನಡಿಗೆ ಕಾಣುವುದೂ ಇಲ್ಲ. ಒಂದಿಷ್ಟು ಮಸುಕು, ಅದರ ನಡುವೆ ಆ ಬಿಂದು, ಅಷ್ಟು ಮಾತ್ರ ಕಂಡಿತು. ಅದರಿಂದ ಭಟ್ಟರ ಚಿಂತೆ ಇಮ್ಮಡಿಯಾಯಿತು. ಅಚ್ಚಿನ ಮೇಲಿದ್ದ ಸಂಶಯ ಈಗ ತಮ್ಮ ಕಣ್ಣಿನ ಮೇಲೆ ತಿರುಗಿತು. "ಪುಸ್ತಕದಲ್ಲಿ ಓದಿದ ಕಣ್ಣು ಇದು. ಓದಿದ್ದನ್ನೇ ಕಾಣ್ತದೋ ಏನೋ" ಎನ್ನುವರು. ನನ್ನ ಸಾಕ್ಷ್ಯವನ್ನೂ ಮೂಸಕುಂಞಿಯ ಸಾಕ್ಷ್ಯವನ್ನೂ ತಳ್ಳಿಹಾಕಿದರು. ನಾನು ಪುಸ್ತಕ ನೋಡಿದವನು, ಮೂಸಕುಂಞಿ ಭಟ್ಟರ ಬಾಯಿಂದಲೇ ಕೇಳಿದವರು.

ಅರುವತ್ತೆರಡರ ನವೆಂಬರಿನ ಕೊನೆಯಲ್ಲಿ ಬಂದ ಅಮಾವಾಸ್ಯೆ. ಚೀನಾದ ಯುದ್ಧ ನಿಂತು ವಾರವಾಗಿತ್ತು, ಊರಿನ ಸಂಶಯ ನಿಂತಿರಲಿಲ್ಲ. ಸಂಜೆ ಏಳೂವರೆಗೆ ನಾನು ಭಟ್ಟರೊಡನೆ ಪಾದೆಯ ಮೇಲಿದ್ದಾಗ ಸಬ್ ಇನ್ಸ್‌ಪೆಕ್ಟರ್ ವೆಂಕಟ್ರಮಣ ಇಬ್ಬರು ಪೇದೆಗಳೊಂದಿಗೆ ಹತ್ತಿ ಬಂದರು. ಸಹಿಯಿಲ್ಲದ ಅರ್ಜಿಯೊಂದು ಅವರಿಗೆ ಬಂದಿತ್ತು: ಸವಣೂರಿನ ಮಾಸ್ತರರೊಬ್ಬರು ಗುಡ್ಡದ ಮೇಲೆ ತೋಪು ನಿಲ್ಲಿಸಿದ್ದಾರೆ, ಕೆಂಪು ದೀಪ ಆಡಿಸಿ ಶತ್ರುಗಳಿಗೆ ಸನ್ನೆ ಮಾಡುತ್ತಿದ್ದಾರೆ, ಅದಕ್ಕೆ ಬೇಕಾದ ಗಾಜು ಹಡಗಿನಿಂದ ಬಂದದ್ದು.

"ಈ ಕೆಂಪು ಲೈಟು ಯಾರಿಗೆ ತೋರಿಸುದು?" ಎಂದರು ವೆಂಕಟ್ರಮಣ.

"ಯಾರಿಗೂ ಅಲ್ಲ. ನಕ್ಷೆ ಓದಲಿಕ್ಕೆ. ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಅರ್ಧ ಗಂಟೆ ಆಕಾಶದಲ್ಲಿ ಎಂತದೂ ಕಾಣುದಿಲ್ಲ."

"ಆಕಾಶದಲ್ಲಿ ಎಂತ ಉಂಟು ನೋಡಲಿಕ್ಕೆ?"

"ನಾನು ಹೇಳುದಿಲ್ಲ" ಎಂದರು ಭಟ್ಟರು. ಪೇದೆಗಳು ಒಂದು ಹೆಜ್ಜೆ ಮುಂದೆ ಬಂದರು. ಭಟ್ಟರು ಅದನ್ನು ಗಮನಿಸಲೇ ಇಲ್ಲ. "ಹೇಳಿದರೆ ನಿಮಗೆ ಅದೇ ಕಾಣ್ತದೆ. ನೀವೇ ನೋಡಿ, ನೋಡಿ ನನಗೆ ಹೇಳಿ."

ವೆಂಕಟ್ರಮಣ ಟೋಪಿ ತೆಗೆದು ಬಾಗಿದರು. ಒಂದು ಕಣ್ಣು ಮುಚ್ಚಿ ಮತ್ತೊಂದನ್ನು ಕೊಳವೆಗೆ ಒತ್ತಿದರು. ಕೊನೆಗೆ, "ಬೂದಿ ಚೆಲ್ಲಿದ ಹಾಗೆ ಉಂಟು. ನಡುವಲ್ಲಿ ಒಂದು ಕೆಂಡ" ಎಂದರು.

"ನಡುವಲ್ಲಿಯೇ? ಸರಿಯಾಗಿ ನೋಡಿದಿರಾ?"

"ನಡುವಲ್ಲೇ."

ಭಟ್ಟರು ನಕ್ಷೆಯ ಹಾಳೆಯನ್ನೇ ಮಗುಚಿ ಅವರ ಮುಂದೆ ಹಿಡಿದರು. "ಅದನ್ನೊಂದು ಬರೆದು ಕೊಡ್ತೀರಾ? ತಾರೀಕು ಹಾಕಿ?"

"ಎಂತ ಭಟ್ರೆ, ಹೇಳಿಕೆ ಬರೆದುಕೊಳ್ಳಲಿಕ್ಕೆ ಬಂದದ್ದು ನಾನು" ಎಂದು ಇನ್ಸ್‌ಪೆಕ್ಟರರು ಟೋಪಿ ಹಾಕಿಕೊಂಡರು; ದೂರದರ್ಶಕವನ್ನು ಪೇದೆಗಳ ಹೆಗಲ ಮೇಲೆ ಠಾಣೆಗೆ ಹೊರಿಸಿದರು.

ಅರ್ಜಿ ಬರೆದವರು ಯಾರು? ಗಾಜು ಹಡಗಿನದೆಂದು ತಿಳಿದವರು ನಾವು ಮೂವರೇ ಎಂದು ಭಟ್ಟರು ತೀರ್ಮಾನಿಸಿದರು. ನನ್ನ ಕಡೆಗೂ ಕೆಲವು ದಿನ ಓರೆಗಣ್ಣು ಬಿತ್ತು. ಆಮೇಲೆ ಅದು ಮೂಸಕುಂಞಿಯ ಮೇಲೆ ನಿಂತಿತು. ಗುಜರಿಯಂಗಡಿಗೆ ಹತ್ತು ಊರಿನ ಜನ ಬರುತ್ತಾರೆ, ಅವರು ಯಾರಲ್ಲಿಯೋ ಸಹಜವಾಗಿ ಹೇಳಿರಬಹುದಲ್ಲವೇ ಎಂದು ನಾನು ಹೇಳಿದ್ದು ಕಿವಿಗೆ ಬೀಳಲಿಲ್ಲ. ಮರುವಾರ ಮೂಸಕುಂಞಿ ಮನೆಗೆ ಬಂದಾಗ ಆದದ್ದನ್ನು ನನಗೆ ತಿಳಿಸಿದವರು ಭಟ್ಟರ ಹೆಂಡತಿ ಸತ್ಯವತಿ ಅಮ್ಮ.

"ಇವರು ಒಳಗೆ ಕೂತು, ಇಲ್ಲ ಅಂತ ಹೇಳು ಅಂದರು. ನಾನು ಹೇಳಿದೆ. ಇವರ ಚಪ್ಪಲಿ ಮೆಟ್ಟಿಲಲ್ಲೇ ಇತ್ತು. ಮೂಸಕುಂಞಿಯವರು ಚಪ್ಪಲಿ ನೋಡಿದರು. ಬಂದ ಮೇಲೆ ಹೇಳಿ ಅಮ್ಮ, ಅಂತ ಹೋದರು."

ಐದು ತಿಂಗಳ ಮೇಲೆ ಠಾಣೆಯಿಂದ ಕರೆ ಬಂತು. ಕನ್ನಡಿಯ ಬೆಳ್ಳಿ ಕಪ್ಪಿಟ್ಟಿತ್ತು, ಉಳಿದದ್ದೆಲ್ಲ ಇದ್ದ ಹಾಗೆಯೇ ಇತ್ತು. ರಶೀದಿಗೆ ಸಹಿ ಹಾಕಿಸಿಕೊಳ್ಳುತ್ತ ವೆಂಕಟ್ರಮಣ ಹೇಳಿದರು: "ನಿಮ್ಮ ಮೂಸಕುಂಞಿ ಮೂರು ಸಲ ಇಲ್ಲಿಗೆ ಬಂದಿದ್ದರು. ಗಾಜು ಕೊಟ್ಟದ್ದು ನಾನು, ತಪ್ಪಿದ್ದರೆ ನನ್ನನ್ನು ಹಿಡಿಯಿರಿ, ಭಟ್ಟರಿಗೆ ನಕ್ಷತ್ರ ಬಿಟ್ಟರೆ ಬೇರೆ ಗೊತ್ತಿಲ್ಲ ಅಂತ ಬರೆದುಕೊಟ್ಟಿದ್ದಾರೆ. ಅವರ ಅಂಗಡಿಯನ್ನೂ ನಾವು ಒಂದು ವಾರ ಮುಚ್ಚಿಸಿ ಜಾಲಾಡಿದೆವು. ನಿಮಗೆ ಹೇಳಲಿಲ್ಲವಾ?"

ಅಂದೇ ಭಟ್ಟರು ಕಡಬಕ್ಕೆ ಹೊರಟರು, ಜೊತೆಗೆ ನಾನೂ. ದಾರಿಯುದ್ದಕ್ಕೂ ಅವರು ಅಂದು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಅಂಗಡಿಯ ಮುಂದೆ ನಿಂತು, ಪಾಠ ಒಪ್ಪಿಸುವ ಹುಡುಗನಂತೆ ಹೇಳಿದರು:

"ಅವತ್ತು ನಾನು ಮನೆಯಲ್ಲೇ ಇದ್ದೆ."

"ಗೊತ್ತುಂಟು ಭಟ್ರೆ."

"ನಿಮ್ಮ ಮೇಲೆ ಸಂಶಯ ಮಾಡಿದೆ."

ಮೂಸಕುಂಞಿ ಬೆಂಚನ್ನು ಒರಸಿ ಅವರನ್ನು ಕೂರಿಸಿದರು. "ಗಾಜಿನ ಮೇಲೂ ಮಾಡಿದಿರಿ. ಆದರೆ ಅದನ್ನು ಎದುರಿಗೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ ನೀವು" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಚಹಾ ತರಿಸಿದರು, ನಾವು ಕುಡಿದೆವು.

ಭಟ್ಟರು ಮತ್ತೆ ಬೆಳ್ಳಿಯ ಲೇಪ ಕೊಟ್ಟರು, ಮತ್ತೆ ನೋಡಿದರು. ಪ್ರತಿ ಚಳಿಗಾಲವೂ ಕಡಬಕ್ಕೆ ಹೋಗಿ ಮೂಸಕುಂಞಿಯನ್ನು ಕರೆಯುತ್ತಿದ್ದರು. "ಬರ್ತೇನೆ" ಎನ್ನುತ್ತಿದ್ದರು ಅವರು, ನಗುತ್ತಲೇ. ಬರಲಿಲ್ಲ. ಅರ್ಜಿ ಬರೆದವರು ಯಾರೆಂದು ಇಂದಿಗೂ ತಿಳಿದಿಲ್ಲ.

ಸಂಶಯಪಡುವವರು ಲೋಕಕ್ಕೆ ಬೇಕು. ಅವರಿಲ್ಲದಿದ್ದರೆ ಅಚ್ಚಾದ ತಪ್ಪುಗಳೆಲ್ಲ ಸತ್ಯವಾಗಿಯೇ ಉಳಿದಾವು. ಈ ಜಾತಿಯ ಜನರಲ್ಲಿ ನಾನು ಕಂಡ ಸೋಜಿಗವೇನೆಂದರೆ, ಎಂದೂ ಮುಟ್ಟಲಾಗದ ವಸ್ತುವಿಗೆ ಅವರು ಅಪಾರವಾದ ಸಹನೆಯನ್ನು ಎರೆಯುತ್ತಾರೆ, ವರ್ಷಗಟ್ಟಲೆ ಪ್ರಮಾಣ ಹುಡುಕುತ್ತಾರೆ, ತಮ್ಮ ಕಣ್ಣನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಕೂಗಿದರೆ ಕೇಳುವಷ್ಟು ಹತ್ತಿರವಿರುವ ಮನುಷ್ಯನ ವಿಷಯದಲ್ಲಿ ಮಾತ್ರ ವಿಚಾರಣೆಯಿಲ್ಲದೆಯೇ ತೀರ್ಪು ಬರೆದುಬಿಡುತ್ತಾರೆ. ಆಕಾಶವನ್ನು ಎಷ್ಟು ಸಂಶಯಿಸಿದರೂ ಅದು ಮರುವರ್ಷ ಅದೇ ದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬರುತ್ತದೆ. ಮನುಷ್ಯರು ಹಾಗೆ ಬರುವುದಿಲ್ಲ.